ಕಲಿಸ್ಕಾ, ಕೊಡ್ಕಾ, ತಡೀಕಾ?

ಕುಂದಾಪುರದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಹಿರಿಯ ಪ್ರೋಗ್ರಾಮರ್ ಅಕ್ಕ ಕನ್ನಡಕ ತೆಗೆದು ಅದರ ಕಡ್ಡಿಯಿಂದ ಮೇಜು ತಟ್ಟಿದರೆ, ಪ್ರಶ್ನೆ ಬಂತೆಂದೇ ಅರ್ಥ. ಕೋಡ್ ಬರೆಯುವ ಎಐ ಸಹಾಯಕ ಎಡವಿದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಕಲಿಸ್ಕಾ, ಕೊಡ್ಕಾ, ತಡೀಕಾ?" ಅಂದರೆ, ಸಹಾಯಕನಿಗೆ ಗೊತ್ತಿಲ್ಲದ್ದನ್ನು ಬರೆದಿಟ್ಟು ಕಲಿಸಬೇಕು, ಕೈಗೆಟುಕದ್ದನ್ನು ಜೋಡಿಸಿ ಕೊಡಬೇಕು, ಎಂದೂ ಆಗಬಾರದ್ದನ್ನು ತಡೆಯಬೇಕು.

ನನ್ನ ಪಾಲಿಗೆ ಶಾಲಾ ಬಸ್ಸುಗಳ ಆ್ಯಪ್ ಬಂದಿತ್ತು. ಸಹಾಯಕ ಎರಡು ಸಲ ಪರೀಕ್ಷಿಸದ ಕೋಡನ್ನು ನೇರ ಆ್ಯಪಿಗೆ ಕಳಿಸಿ, ಇನ್ನೂ ಬಾರದ ಬಸ್ರೂರಿನ ಬಸ್ಸನ್ನು 'ಹೋಯಿತು' ಎಂದು ತೋರಿಸಿತ್ತು. ಮೂರನೆಯ ಸಲವೂ ಹಾಗಾದರೆ ಆ ಕೆಲಸ ನನ್ನ ಕೈತಪ್ಪುತ್ತಿತ್ತು. ಸಹಾಯಕ ಓದುವ ಸೂಚನೆಗಳ ಕಡತದಲ್ಲಿ 'ಪರೀಕ್ಷಿಸದೆ ಕಳಿಸಬಾರದು' ಎಂದು ಮತ್ತೊಮ್ಮೆ ಬರೆಯುತ್ತಿದ್ದೆ. ಮೇಜು ತಟ್ಟಿದ ಸದ್ದಾಯಿತು.

"ಎಂತ ಹೆಣೆ, ಗದ್ದಿಗ್ ದನ ಬಪ್ಕಾಗ ಅಂದೇಳಿ ಬೋರ್ಡ್ ಬರೀತ್ಯಾ? ಬೇಲಿ ಹಾಕ್!"

ದನ ಬರಬಾರದೆಂದು ಬೋರ್ಡ್ ಬರೆದರೆ ದನ ಓದುವುದಿಲ್ಲವಷ್ಟೆ. ಪರೀಕ್ಷೆ ಪಾಸಾಗದ ಕೋಡ್ ಮುಂದೆ ಹೋಗದಂತೆ, ತಂತಾನೇ ನಡೆಯುವ ತಪಾಸಣೆಯೊಂದನ್ನು ಇಟ್ಟೆ. ಮಧ್ಯಾಹ್ನದೊಳಗೆ ಸಹಾಯಕ ಮತ್ತೆ ಹಾಗೆಯೇ ಕಳಿಸಹೊರಟಿತು. ಬೇಲಿ ತಡೆಯಿತು. ಕೆಲಸ ನನ್ನಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ಅಕ್ಕನ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಎಂದಿನಂತೆ ಯಾರೋ ಖಾಲಿ ಮಾಡಿದ್ದರು. ಅದರ ಮೇಲೆ ಅವರೇ ಅಂಟಿಸಿದ್ದ ಚೀಟಿಯಲ್ಲಿ 'ಮುಟ್ಟಬೇಡಿ' ಎಂದಿತ್ತು.

"ಅಕ್ಕಾ, ಕಲಿಸ್ಕಾ, ಕೊಡ್ಕಾ, ತಡೀಕಾ?" ಎಂದು ಕೇಳಿಯೇಬಿಟ್ಟೆ.

ಅವರು ಕನ್ನಡಕ ತೆಗೆದರು, ಆದರೆ ನಗು ತಡೆಯಲಾರದೆ ಮೇಜು ತಟ್ಟುವುದನ್ನೇ ಮರೆತರು. ಮರುದಿನ ಊಟದ ಮೇಜಿನ ನಡುವೆ, ಎಲ್ಲರಿಗೂ ಸಾಲುವಷ್ಟು ಉಪ್ಪಿನಕಾಯಿಯ, ಚೀಟಿಯಿಲ್ಲದ ದೊಡ್ಡ ಭರಣಿಯೊಂದು ಕೂತಿತ್ತು.

"ಕೊಡ್ಕ್," ಎಂದರು.