ಎರಡು ಹೊತ್ತು ಎಂದರೆ

ನನ್ನ ಮೊಮ್ಮಗಳು ಸೋಮವಾರದಿಂದ ಮತ್ತೆ ಶಾಲೆಗೆ ಹೋಗುತ್ತಾಳೆ! ಇನ್ನೊಂದು ಔಷಧಿ ಬೇಡವೇ ಬೇಡ ಎಂದು ಹರಪನಹಳ್ಳಿಯ ಡಾಕ್ಟರಮ್ಮ ಇವತ್ತು ಬಾಯಿಬಿಟ್ಟು ಹೇಳಿದರು. ಮೂರು ತಿಂಗಳಿಂದ ಹುಡುಗಿಗೆ ಒಂದು ಸಲವೂ ಫಿಟ್ಸ್ ಬಂದಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿಕೊಂಡು ಬಂದೆ. ಅದೂ ಸಾಲದೆ ಈಗ ಬರೆಯಲು ಕುಳಿತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹುಡುಗಿಗೆ ಆರು ವರ್ಷ. ಹೋದ ವರ್ಷ ಫಿಟ್ಸ್ ಶುರುವಾದಾಗ ಡಾಕ್ಟರಮ್ಮ ಒಂದು ಔಷಧಿ ಬರೆದು, ದಿನಕ್ಕೆ ಎರಡು ಹೊತ್ತು ಕೊಡಿ ಎಂದಿದ್ದರು. ಕೊಡುವ ಕೆಲಸ ನನ್ನದು. ಒಂದು ದಿನವೂ ತಪ್ಪಿಸಲಿಲ್ಲ. ಆದರೂ ವಾರ ಎರಡು ವಾರಕ್ಕೊಮ್ಮೆ, ಬೆಳಗಿನ ಜಾವ ನಾವು ಮಲ್ಲಿಗೆ ಬಿಡಿಸಲು ಹೊರಡುವಷ್ಟರಲ್ಲಿ, ಮಗು ಕೈಕಾಲು ಸೆಟೆಸಿಬಿಡುತ್ತಿತ್ತು. ರೋಗ ಬಲಿತಿದೆ ಎಂದುಕೊಂಡೆವು. ಶಾಲೆ ಬಿಡಿಸಿದೆವು. ಮೂರು ತಿಂಗಳ ಹಿಂದೆ, ಇನ್ನೊಂದು ಔಷಧಿ ಸೇರಿಸಬೇಕಾಗಬಹುದು, ಅದರಿಂದ ಮಂಪರು ಜಾಸ್ತಿ ಎಂದು ಡಾಕ್ಟರಮ್ಮ ಹೇಳಿದಾಗ ಸೊಸೆ ಅಲ್ಲೇ ಅತ್ತಳು.

ಆ ಔಷಧಿ ಬರೆಯುವ ಮೊದಲು ಡಾಕ್ಟರಮ್ಮ ಪೆನ್ನು ತಡೆದು ನನ್ನನ್ನು ಕೇಳಿದರು: "ಅಜ್ಜಿ, ಔಷಧಿ ಎಷ್ಟೆಷ್ಟು ಗಂಟಿಗೆ ಕೊಡ್ತೀರಿ?"

"ಗಂಟಿ ಯಾರು ನೋಡ್ತಾರ್ರೀ? ನೀವು ಎರಡು ಹೊತ್ತು ಅಂದ್ರಿ. ನಮ್ಮ ಮನ್ಯಾಗ ಹೊತ್ತು ಅಂದ್ರ ಉಣ್ಣೋ ಹೊತ್ತು. ಹೂ ಬಿಡಿಸಿ ಬಂದು ಒಂಬತ್ತಕ್ಕ, ಮತ್ತ ಸಂಜಿ ಆರಕ್ಕ."

ಅವರು ಬೆರಳು ಮಡಚಿ ಎಣಿಸಿದರು. "ಹಗಲು ಒಂಬತ್ತು ತಾಸು. ರಾತ್ರಿ ಹದಿನೈದು ತಾಸು! ಸಿಕ್ತು ನೋಡ್ರಿ."

ಆಮೇಲೆ ಬಿಡಿಸಿ ಹೇಳಿದರು. ಔಷಧಿ ಕರುಳಿನಿಂದ ರಕ್ತಕ್ಕೆ ಸೇರುತ್ತದಂತೆ. ರಕ್ತ ಅದನ್ನು ತಲೆಗೆ ಒಯ್ಯುತ್ತದೆ. ಮೂತ್ರಪಿಂಡ ಸೋಸಿ ಹೊರಗೆ ಹಾಕುತ್ತದೆ. ಕೆಲವು ತಾಸಿಗೆ ರಕ್ತದಲ್ಲಿದ್ದದ್ದು ಅರ್ಧವಾಗುತ್ತದೆ, ಮತ್ತಷ್ಟು ತಾಸಿಗೆ ಆ ಅರ್ಧದಲ್ಲಿ ಅರ್ಧ. ಮಕ್ಕಳಲ್ಲಿ ಇನ್ನೂ ಬೇಗ. ಬೆಳಗಿನ ಜಾವಕ್ಕೆ ನಮ್ಮ ಹುಡುಗಿಯ ತಲೆ ಕಾಯುವಷ್ಟು ಔಷಧಿ ಉಳಿಯುತ್ತಿರಲಿಲ್ಲ.

"ಹಂಗಾದ್ರ ಇಷ್ಟು ದಿನ ನಾನು ಬಚ್ಚಲಿಗೆ ಔಷಧಿ ಕುಡಿಸೀನೇನ್ರಿ?"

ಡಾಕ್ಟರಮ್ಮ ನಕ್ಕರು. "ಹೋಗೋದು ಹೋಗಾಕ ಬೇಕು ಅಜ್ಜಿ. ಪೂರಾ ಇಳಿಯೋದ್ರೊಳಗ ಮುಂದಿಂದು ಬರಬೇಕು, ಅಷ್ಟ."

"ಸಂಜಿಗೆ ಡಬಲ್ ಕುಡಿಸಿಬಿಟ್ರ?"

"ಒಮ್ಮಿಗೇ ಏರಿ ಮಗು ತೂರಾಡತೈತಿ! ಮುಂಜಾನಿ ಎಂಟು, ರಾತ್ರಿ ಎಂಟು. ಉಂಡಿರ್ಲಿ ಬಿಡ್ಲಿ. ಮೊದಲು ಇದನ್ನ ನೋಡೋಣು."

ನನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ನಾಚಿಕೆಯಾಯಿತು. ಆದರೆ ರೋಗ ಬಲಿತಿಲ್ಲ, ಗಂಟೆ ತಪ್ಪಿದೆ ಅಷ್ಟೇ ಎಂದು ತಿಳಿದಾಗ ಎದೆ ಎಷ್ಟು ಹಗುರಾಯಿತೆಂದರೆ, ಆ ನಾಚಿಕೆಯನ್ನೂ ಸಂತೋಷದಿಂದಲೇ ಹೊತ್ತುಕೊಂಡು ಬಂದೆ. ಮಗ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಟ್ಟ. "ಯವ್ವಾ, ಇನ್ನ ಮ್ಯಾಲೆ ನಿನ್ನ ಹೊಟ್ಟಿ ಕೇಳಬ್ಯಾಡ, ಇದನ್ನ ಕೇಳು" ಎಂದು ಛೇಡಿಸಿದ. ಮೊದಲ ವಾರ ಪ್ರತಿದಿನ ಜಾವಕ್ಕೆ ಎದ್ದು ಮಗುವಿನ ಮುಖವನ್ನೇ ನೋಡಿದೆ. ಅದು ಗೊರಕೆ ಹೊಡೆಯುತ್ತಿತ್ತು. ಮುಂದಿನ ವಾರವೂ ಅಷ್ಟೇ.

ಇವತ್ತು ಸಂಜೆ ಸೊಸೆ ಹೋಳಿಗೆ ಮಾಡಿದಳು. ಇಷ್ಟು ದಿನ ಮಗು ಉಣ್ಣುವಾಗ ಅವಳು ಅದರ ಬೆನ್ನ ಹಿಂದೆಯೇ ನಿಂತಿರುತ್ತಿದ್ದಳು. ಇವತ್ತು ತಾನೂ ತಟ್ಟೆ ಹಾಕಿಕೊಂಡು ನಮ್ಮ ಸಾಲಿನಲ್ಲೇ ಕುಳಿತಳು.

"ಅಜ್ಜಿ, ಇನ್ನೊಂದು ಹೋಳಿಗಿ."

"ನಾಕ್ನೇದಲೇ ಇದು! ಹೊಟ್ಟಿ ಐತೋ ಜ್ವಾಳ ತುಂಬೋ ಹಗೇವು ಐತೋ?"

"ಹಗೇವು ಐತಿ, ಹಾಕು" ಎಂದಳು. ತುಪ್ಪ ಧಾರಾಳವಾಗಿ ಸುರಿದು ಹಾಕಿದೆ.