ಬಿಸಿಲಲ್ಲಿ ದೆವ್ವ ನೋಡಲು ಹೋದದ್ದು

ಆ ಶನಿವಾರ ಮಧ್ಯಾಹ್ನ ನಾನು ಅಡುಗೆಮನೆಯ ಸಿಂಕಿನ ಕೆಳಗೆ ಕೂತು ಸೋರುವ ಪೈಪಿಗೆ ಟೇಪು ಸುತ್ತುತ್ತಿದ್ದೆ. ನನ್ನ ಹೆಂಡತಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕೈಯಲ್ಲಿ ಡೋನಟ್ ಹಿಡಿದು, ಬೇಸಿಗೆ ರಜೆಯ ಪ್ರವಾಸಕ್ಕೆ ಬುಕಿಂಗ್ ಮಾಡುತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಒಂಬತ್ತು ವರ್ಷದ ಮಗಳು ಸೋಫಾದ ಮೇಲೆ ಕಾಲು ಮೇಲೆ ತಲೆ ಕೆಳಗೆ ಮಾಡಿಕೊಂಡು ಪುಸ್ತಕ ಓದುತ್ತಿದ್ದಳು.

"ರೀ, ದೆವ್ವ ನೋಡೋಕೆ ಬರ್ತೀರಾ?" ಎಂದಳು ಹೆಂಡತಿ.

"ಮನೇಲೇ ಇದ್ಯಲ್ಲ, ಅದಕ್ಕೆ ಅಷ್ಟು ದೂರ ಹೋಗ್ಬೇಕಾ?"

"ಮೊದಲು ಆ ಪೈಪ್ ಸರಿಯಾಯ್ತಾ ಹೇಳಿ. ಇದು ಮೂರನೇ ಶನಿವಾರ."

ಮದುವೆಗೆ ಮುಂಚೆ ಅವಳು ಕಂಪನಿಯ ಕೆಲಸದ ಮೇಲೆ ಮೂರು ತಿಂಗಳು ಎಡಿನ್‌ಬರೋದಲ್ಲಿ ಇದ್ದವಳು. ಸಂಜೆಯ ಹೊತ್ತು ಹಳೆಯ ಊರಿನ ಗಲ್ಲಿಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ ದೆವ್ವದ ಕಥೆ ಹೇಳುವವರು ಅಲ್ಲಿ ಇದ್ದಾರಂತೆ. ಜೊತೆಯವರೆಲ್ಲ ಹೋದಾಗ ಇವಳು ತಲೆನೋವೆಂದು ರೂಮಿನಲ್ಲೇ ಉಳಿದಿದ್ದಳು. ತಲೆನೋವೇನೂ ಇರಲಿಲ್ಲ, ಹೆದರಿಕೆ ಇತ್ತು. ಈಗ ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾದ ನಡಿಗೆಯೊಂದು ಸಿಕ್ಕಿತ್ತು. ರಕ್ತದ ಮಾತಿಲ್ಲ, ಕಿರುಚಾಟವಿಲ್ಲ, ಐದು ವರ್ಷ ದಾಟಿದವರು ಬರಬಹುದು.

"ಐದು ವರ್ಷದ ಮಕ್ಕಳಿಗೆ ಓಕೆ ಅಂದ್ರೆ ನನಗೂ ಓಕೆ," ಎಂದು ಮೂರು ಟಿಕೆಟ್ ಬುಕ್ ಮಾಡಿದಳು.

ಪೈಪು ಆ ದಿನ ಸರಿಯಾಯಿತು. ಸೋಮವಾರ ಬೆಳಿಗ್ಗೆ ಅವಳ ಆಫೀಸಿನಿಂದ ನನಗೆ ಫೋನ್ ಬಂತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ನಾನು ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಅವಳಿಗೆ ಮಾತು ನಿಂತುಹೋಗಿತ್ತು. ಬುಧವಾರ ಹೋದಳು.

ನಾನು ಹೆಚ್ಚು ಓದಿದವನಲ್ಲ. ಹಾಸನದಲ್ಲಿ ಡಿಪ್ಲೊಮಾ ಮುಗಿಸಿ, ಹೆಂಡತಿಗೆ ಇಲ್ಲಿ, ಅಮೇರಿಕಾದಲ್ಲಿ, ಕೆಲಸ ಸಿಕ್ಕಿದ್ದರಿಂದ ಅವಳ ಜೊತೆ ಬಂದವನು. ವಾರೆನ್ ಎಂಬ ಊರಿನಲ್ಲಿ ಕಾರಿನ ಬಿಡಿಭಾಗಗಳಿಗೆ ಅಚ್ಚು ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ಮಾತು ಅವಳದಾಗಿತ್ತು, ಶಾಸ್ತ್ರ ಸಂಪ್ರದಾಯವೂ ಅವಳದೇ. ಹನ್ನೊಂದನೆಯ ದಿನದ ಕೆಲಸವನ್ನು ಹೇಗೆ ಮಾಡಬೇಕೆಂದು ನಾನು ಮೈಸೂರಿನಲ್ಲಿದ್ದ ನಮ್ಮ ಅತ್ತೆಯನ್ನು ಕೇಳಬೇಕಾಯಿತು. ಅವರಿಗೆ ಅಷ್ಟು ಬೇಗ ವೀಸಾ ಸಿಕ್ಕಿರಲಿಲ್ಲ. ತಮ್ಮ ಮಗಳ ಮುಖವನ್ನು ಅವರು ಕೊನೆಗೆ ನೋಡಿದ್ದೂ ವಿಡಿಯೊದಲ್ಲಿ.

ಹೋದವರಿಗೆ ಇಷ್ಟವಾದ ತಿಂಡಿಗಳನ್ನು ಎಲೆಯಲ್ಲಿ ಬಡಿಸಿ ಎಡೆ ಇಟ್ಟು, ದೂರ ಸರಿದು ಕಾಯುವುದು ನಮ್ಮ ಕಡೆಯ ಪದ್ಧತಿ. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದು ಲೆಕ್ಕ. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ, ಇಲ್ಲೇ ಎಲ್ಲೋ ಸುತ್ತುತ್ತಿದ್ದಾರೆ ಎನ್ನುತ್ತಾರೆ. ಇದನ್ನೆಲ್ಲ ಅತ್ತೆ ವಿಡಿಯೊ ಕಾಲ್‌ನಲ್ಲಿ ವಿವರಿಸುವಾಗ ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು.

ಮನೆಯ ಹಿಂದೆ ಮರದ ಹಲಗೆ ಹಾಸಿದ ಡೆಕ್ ಮೇಲಿನ ಹಿಮ ಗುಡಿಸಿ, ಫ್ರೀಜರಿನ ಬಾಳೆಯೆಲೆ ಹಾಸಿ, ಮೊಸರನ್ನ, ಉದ್ದಿನ ವಡೆ, ಮಾವಿನ ಉಪ್ಪಿನಕಾಯಿ ಇಟ್ಟೆ. ಮಗಳು ಒಳಗೆ ಓಡಿಹೋಗಿ ಒಂದು ಡೋನಟ್ ತಂದಿಟ್ಟಳು. ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಮೈನಸ್ ಹತ್ತರ ಚಳಿ. ಕಾಗೆಗಳು ಇರಲಿಲ್ಲವೆಂದಲ್ಲ. ಬೇಲಿಯಾಚೆಯ ಓಕ್ ಮರದಲ್ಲಿ ಮೂರು ಕೂತಿದ್ದವು. ನಾವು ಕೈಮುಗಿದೆವು, ಗಾಜಿನ ಬಾಗಿಲ ಹಿಂದೆ ನಿಂತೆವು, ಕೊನೆಗೆ ಪರದೆ ಎಳೆದುಕೊಂಡು ಸಂದಿಯಿಂದ ಇಣುಕಿದೆವು. ಒಂದೂ ಕೆಳಗಿಳಿಯಲಿಲ್ಲ. ಅತ್ತೆ ಹೊರಗಿಟ್ಟಿದ್ದ ಫೋನಿನಿಂದ "ಬಂತಾ? ಬಂತಾ?" ಎಂದು ಕೇಳುತ್ತಲೇ ಇದ್ದರು. ಮುಕ್ಕಾಲು ಗಂಟೆಯಾದ ಮೇಲೆ ಒಂದು ದಪ್ಪ ಅಳಿಲು ಬಂದು, ಎಲೆಯನ್ನೆಲ್ಲ ಮೂಸಿ, ಡೋನಟ್ ಕಚ್ಚಿಕೊಂಡು ಬೇಲಿ ಹತ್ತಿತು. ಅತ್ತೆಗೆ ಚೆನ್ನಾಗಿ ಕಾಣಲಿ ಎಂದು ನಾನು ಫೋನನ್ನು ಹೊರಗೇ ಒರಗಿಸಿಟ್ಟಿದ್ದೆ. ಅಳಿಲು ಬರುವಷ್ಟರಲ್ಲಿ ಫೋನು ಚಳಿಗೆ ಆಫ್ ಆಗಿತ್ತು.

ಫೋನು ಬೆಚ್ಚಗಾದ ಮೇಲೆ ಅತ್ತೆಗೆ ಕಾಲ್ ಮಾಡಿದೆ. "ಮುಟ್ತು ಅತ್ತೆ. ವಡೆ ತಗೊಂಡು ಹೋಯ್ತು," ಎಂದೆ. ಅವರು ಜೋರಾಗಿ ಅತ್ತರು. ಹನ್ನೊಂದು ದಿನದಲ್ಲಿ ಮೊದಲ ಬಾರಿ ಸಮಾಧಾನದಿಂದ ಅತ್ತಂತೆ ಕೇಳಿಸಿತು. ಮಗಳು ನನ್ನ ಮುಖ ನೋಡಿದಳು, ತನ್ನ ಕೋಣೆಗೆ ಹೋದಳು.

ಆಮೇಲೆ ಅವಳು ಶಾಲೆಗೆ ಹೋದಳು, ಹೋಮ್‌ವರ್ಕ್ ಮಾಡಿದಳು, ಹೇಳಿದ್ದಕ್ಕೆಲ್ಲ ಓಕೆ ಎಂದಳು. ಅಮ್ಮನ ಮಾತನ್ನು ಮಾತ್ರ ನನ್ನ ಮುಂದೆ ಎತ್ತಲಿಲ್ಲ. ದುಃಖ ತಾನಾಗಿ ಇಳಿಯಲಿ ಎಂದು ನಾನೂ ಸುಮ್ಮನಿದ್ದೆ. ಮಾರ್ಚಿನಲ್ಲಿ ಹಿಮ ಕರಗಿದಾಗ ಡೆಕ್ಕಿನ ಮೂಲೆಯಲ್ಲಿ ಇಡ್ಲಿಯ ಚೂರುಗಳು, ಚಪಾತಿ, ಅರ್ಧ ಡೋನಟ್, ಮೆತ್ತಗಾದ ಬಿಸ್ಕತ್ತು ಕಂಡವು. ಒಂದು ದಿನದ್ದಲ್ಲ. ಚಳಿಗಾಲದುದ್ದಕ್ಕೂ ಅವಳು ತನ್ನ ತಟ್ಟೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಕಾಗೆಗೆ ಇಟ್ಟಿದ್ದಳು. ಅವಳಮ್ಮ ಇನ್ನೂ ಎಲ್ಲೋ ಚಳಿಯಲ್ಲಿ ಸುತ್ತುತ್ತಿದ್ದಾಳೆಂದು ಅವಳು ನಂಬಿದ್ದಳು. ಅಪ್ಪ ಅದನ್ನು ಮುಚ್ಚಿಟ್ಟಿದ್ದಾನೆ ಎಂದೂ ಅವಳಿಗೆ ಗೊತ್ತಿತ್ತು. ನಾನು ಅದನ್ನೆಲ್ಲ ಸಲಿಕೆಯಲ್ಲಿ ಎತ್ತಿ ಹಾಕಿ ಡೆಕ್ ತೊಳೆದೆ. ಆ ಸಂಜೆ ಅವಳ ಕೋಣೆಯ ಬಾಗಿಲವರೆಗೆ ಎರಡು ಸಲ ಹೋದೆ. ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ ವಾಪಸು ಬಂದೆ.

ಮೇ ತಿಂಗಳಲ್ಲಿ ಹೆಂಡತಿಯ ಇಮೇಲಿಗೆ ಎಡಿನ್‌ಬರೋದ ಬುಕಿಂಗಿನ ನೆನಪೋಲೆ ಬಂತು. ಕ್ಯಾನ್ಸಲ್ ಮಾಡೋಣವೆಂದುಕೊಂಡೆ. ಅತ್ತೆಯಂತೂ ಕೇಳಿ ಹೌಹಾರಿದರು. "ವರ್ಷ ತುಂಬಿಲ್ಲ, ಮಗೂನ ದೆವ್ವದ ಜಾಗಕ್ಕೆ ಕರ್ಕೊಂಡು ಹೋಗ್ತೀರಾ? ಬುದ್ಧಿ ಇದ್ಯಾ ನಿಮಗೆ?"

ಹೆಂಡತಿಯ ತಂಗಿ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದಾಳೆ. ಅವಳು ಬೇರೆಯೇ ಹೇಳಿದಳು. "ಭಾವ, ವರ್ಷ ತುಂಬೋವರೆಗೆ ದೇವಸ್ಥಾನ ಬೇಡ ಅಂದ್ರು, ಹಬ್ಬ ಬೇಡ ಅಂದ್ರು, ಗೃಹಪ್ರವೇಶ, ಬರ್ತ್‌ಡೇ ಎಲ್ಲಾ ಬೇಡ ಅಂದ್ರು. ಮಗು ನಾಲ್ಕು ತಿಂಗಳಿಂದ ಮನೆ ಸ್ಕೂಲು, ಮನೆ ಸ್ಕೂಲು. ದೆವ್ವದ ಹತ್ರ ಹೋಗ್ಬಾರ್ದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಹೋಗಿ ಬನ್ನಿ. ಅಕ್ಕ ಬುಕ್ ಮಾಡಿದ್ದು."

ಹೋಗುವುದೋ ಬೇಡವೋ ಎಂದು ಮಗಳನ್ನು ಕೇಳಿದೆ. ಅವಳು ತಕ್ಷಣ ಹೂಂ ಎಂದಳು. ಅಷ್ಟು ಬೇಗ ಅವಳು ಉತ್ತರ ಕೊಟ್ಟು ತಿಂಗಳುಗಳಾಗಿದ್ದವು. ಜೂನ್ ಕೊನೆಯಲ್ಲಿ ಸ್ಕೋಕಿಯವರೆಗೆ ಐದು ಗಂಟೆ ಡ್ರೈವ್ ಮಾಡಿ, ಕಾರನ್ನು ನಾದಿನಿಯ ಮನೆಯಲ್ಲಿ ಬಿಟ್ಟು, ಶಿಕಾಗೋದಿಂದ ವಿಮಾನ ಹತ್ತಿದೆವು.

ಎಡಿನ್‌ಬರೋದಲ್ಲಿ ಜೂನಿನ ಸಂಜೆ ಏಳು ಗಂಟೆಯೆಂದರೆ ನಮ್ಮ ಮಧ್ಯಾಹ್ನದ ಮೂರು ಗಂಟೆಯ ಹಾಗೆ. ಕಲ್ಲಿನ ಕಟ್ಟಡಗಳ ಮೇಲೆ ಒಳ್ಳೆ ಬಿಸಿಲು. ನಮ್ಮ ಗುಂಪಿನಲ್ಲಿ ಹದಿನೈದು ಜನ, ಅರ್ಧಕ್ಕರ್ಧ ಮಕ್ಕಳು. ಕಥೆ ಹೇಳುವಾಕೆ ಐವತ್ತರ ಆಸುಪಾಸಿನ ಹೆಂಗಸು, ಉದ್ದನೆಯ ಕಪ್ಪು ನಿಲುವಂಗಿ, ತಲೆಗೆ ಟೋಪಿ, ಮುಖಕ್ಕೆ ಬಿಳಿ ಬಣ್ಣ. ಸೆಕೆಗೆ ಬಣ್ಣ ಕರಗಿ ಕತ್ತಿಗೆ ಇಳಿಯುತ್ತಿತ್ತು.

"ಅಪ್ಪ, ಇಟ್ಸ್ ನಾಟ್ ಈವನ್ ಡಾರ್ಕ್," ಎಂದಳು ಮಗಳು.

ಆಕೆಗೆ ಅದು ಕೇಳಿಸಿತು. "ಏನು ಮಾಡೋದಮ್ಮ, ಬೇಸಿಗೇಲಿ ಇಲ್ಲಿನ ದೆವ್ವಗಳಿಗೆಲ್ಲ ಡೇ ಶಿಫ್ಟು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಗಳ ಬಾಯಿಯ ಒಂದು ಮೂಲೆ ನಕ್ಕಿತು.

ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಇಕ್ಕಟ್ಟಾದ ಗಲ್ಲಿಗಳಲ್ಲಿ, ಸವೆದ ಮೆಟ್ಟಿಲುಗಳಲ್ಲಿ ಇಳಿದು ಹತ್ತಿ ಹೋದೆವು. ಕಥೆಗಳೆಲ್ಲ ತಮಾಷೆಯವೇ. ಚಪ್ಪಲಿ ಕಳೆದುಕೊಂಡ ಬ್ರೆಡ್ಡಿನವನೊಬ್ಬ ಈಗಲೂ ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತಾನೆ. ಬಟ್ಟೆ ಒಗೆಯುವ ಮುದುಕಿಯೊಬ್ಬಳು ಒಣಗಿತಾ ಎಂದು ಕೇಳಲು ಕಿಟಕಿ ತಟ್ಟುತ್ತಾಳೆ. ನನ್ನ ಹೆಂಡತಿ ಹೆದರಿ ರೂಮಿನಲ್ಲಿ ಕೂತದ್ದು ಇಂಥದ್ದಕ್ಕೇ ಇರಬೇಕು ಎನಿಸಿ ನನಗೆ ನಗು ಬಂತು. ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಬೇರೆ ಯಾರೋ ಇದ್ದರು.

ಒಂದು ಚಿಕ್ಕ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಆಕೆ ಮಕ್ಕಳನ್ನು ಕೇಳಿದಳು: "ದೆವ್ವ ಹೋಗದೆ ಇಲ್ಲೇ ಯಾಕೆ ಉಳ್ಕೊಳ್ಳುತ್ತೆ? ಯಾರು ಹೇಳ್ತೀರಿ?"

"ನಿಧಿ ಕಾಯೋಕೆ!" ಎಂದ ಒಬ್ಬ ಹುಡುಗ. "ಅದಕ್ಕೆ ಬಾತ್‌ರೂಮ್ ಸಿಕ್ಕಿಲ್ಲ!" ಎಂದಿತು ಒಂದು ಪುಟ್ಟ ಮಗು. ಎಲ್ಲರೂ ನಕ್ಕರು. ನನ್ನ ಮಗಳು ಶಾಲೆಯಲ್ಲಿ ಎತ್ತುವ ಹಾಗೆ ನೆಟ್ಟಗೆ ಕೈ ಎತ್ತಿದ್ದಳು.

"ಕಾಗೆ ತಿನ್ನದೇ ಇದ್ರೆ," ಎಂದಳು.

ಆಕೆಗೆ ಅರ್ಥವಾಗಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಮೊದಲಿಂದ ಹೇಳಿದಳು. ಅಮ್ಮ ಜನವರಿಯಲ್ಲಿ ಸತ್ತುಹೋದದ್ದು, ಎಲೆ, ವಡೆ, ಮರದ ಮೇಲಿನ ಮೂರು ಕಾಗೆ, ಡೋನಟ್ ಒಯ್ದ ಅಳಿಲು. "ಅಜ್ಜಿಗೆ ಅಪ್ಪ ಕಾಗೆ ತಿಂತು ಅಂತ ಹೇಳಿದ್ರು. ತಿಂದಿಲ್ಲ. ಆಮೇಲೆ ನಾನು ದಿನಾ ಇಟ್ಟೆ, ಆಗಲೂ ತಿಂದಿಲ್ಲ. ಹಾಗಾದ್ರೆ ಅಮ್ಮ ಸ್ಟಕ್ ಆಗಿದಾಳಾ?"

ನಿಧಿ ಎಂದಿದ್ದ ಹುಡುಗ ನನ್ನನ್ನೇ ನೋಡುತ್ತಿದ್ದ. ನನಗೆ ನೆಲ ಬಿಟ್ಟು ಬೇರೆಲ್ಲೂ ಕಣ್ಣಿಡಲಾಗಲಿಲ್ಲ.

ಆಕೆ ಟೋಪಿ ತೆಗೆದು, ಮಗಳ ಎತ್ತರಕ್ಕೆ ಮಂಡಿಯೂರಿ ಕೂತಳು. "ನೋಡು ಪುಟ್ಟಿ, ನನ್ನ ದೆವ್ವಗಳಲ್ಲಿ ಅರ್ಧ ನಾನೇ ಕಟ್ಟಿದ್ದು. ನಿಮ್ಮಮ್ಮನ ವಿಷಯ ನನಗೆ ಗೊತ್ತಿಲ್ಲ. ಗೊತ್ತಿರೋ ಹಾಗೆ ನಾಟಕ ಮಾಡಲ್ಲ. ನಿಮ್ಮಪ್ಪನ್ನ ಕೇಳು," ಎಂದಳು. ಎದ್ದು ನಿಂತು ನನಗೆ, "ಮುಂದಿನ ಗಲ್ಲೀಲಿ ಹತ್ತು ನಿಮಿಷ ಇರ್ತೀವಿ. ನಿಧಾನಕ್ಕೆ ಬನ್ನಿ," ಎಂದು ಉಳಿದವರನ್ನು ಕರೆದುಕೊಂಡು ಹೋದಳು.

ನಾವಿಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತೆವು.

"ನಾನು ಸುಳ್ಳು ಹೇಳ್ದೆ ಕಂದ," ಎಂದೆ. "ಅಜ್ಜಿಗೆ ಬರೋಕೂ ಆಗ್ಲಿಲ್ಲ, ನೋಡೋಕೂ ಆಗ್ಲಿಲ್ಲ. ಇನ್ನೂ ಅಳ್ತಾರಲ್ಲ ಅಂತ ಹೇಳ್ಬಿಟ್ಟೆ. ನಿನ್ನ ಮುಂದೆ ಹೇಳ್ಬಾರ್ದಿತ್ತು. ಯಾರ ಮುಂದೇನೂ ಹೇಳ್ಬಾರ್ದಿತ್ತು. ನೀನು ಡೆಕ್ ಮೇಲೆ ಇಡ್ತಿದ್ದಿದ್ದು ಮಾರ್ಚಲ್ಲೇ ಗೊತ್ತಾಯ್ತು. ಆಗ್ಲೂ ಬಾಯಿ ಬಿಡ್ಲಿಲ್ಲ."

"ಈಸ್ ಶಿ ಸ್ಟಕ್?"

"ನಂಗೊತ್ತಿಲ್ಲ ಪುಟ್ಟ. ಕಾಗೆ ವಿಷಯ ಮಾತ್ರ ಗೊತ್ತು. ಊರಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಕಾಂಪೌಂಡ್ ಮೇಲೆ ಅನ್ನ ಇಡ್ತಾರೆ. ಅಕ್ಕಪಕ್ಕದವರೂ ಇಡ್ತಾರೆ. ಅಲ್ಲಿ ಕಾಗೆ ಅಡುಗೆಮನೆ ಕಿಟಕಿಗೇ ಬಂದು ಕೂಗುತ್ತೆ. ನಮ್ಮ ಮನೆ ಹತ್ರದ ಕಾಗೆಗೆ ನಿನಗಿಂತ ಮುಂಚೆ ಯಾರೂ ಯಾವತ್ತೂ ಏನೂ ಕೊಟ್ಟಿಲ್ಲ. ಮನುಷ್ಯರನ್ನ ಕಂಡ್ರೆ ಹಾರಿಹೋಗುತ್ತೆ. ಅದು ಬರದೇ ಇದ್ದಿದ್ದು ಹೆದರಿ. ಅಮ್ಮನಿಂದ ಅಲ್ಲ."

ಅವಳು ಯೋಚಿಸಿದಳು. "ಸೋ, ಅವಕ್ಕೆ ಟ್ರೈನಿಂಗ್ ಇಲ್ಲ."

"ಇಲ್ಲ."

"ಅಮ್ಮಂಗೆ ಅಳಿಲು ಅಂದ್ರೆ ಇಷ್ಟ ಇತ್ತಾ?"

"ಟೊಮ್ಯಾಟೊ ಗಿಡ ಹಾಳು ಮಾಡುತ್ತೆ ಅಂತ ಬೈಯೋಳು. ಬೈಕೊಂಡೇ ಕಡಲೆಕಾಯಿ ಹಾಕೋಳು."

ಅವಳು ಅತ್ತಳು. ಜನವರಿಯಿಂದ ನಾನು ಕಾಣದ ಅಳು ಅದು. ನಾನೂ ಅತ್ತುಬಿಟ್ಟೆ. ಆಮೇಲೆ ಮೂಗೊರೆಸಿಕೊಂಡು, "ಅಜ್ಜಿಗೆ ನೀನೇ ಹೇಳ್ಬೇಕು," ಎಂದಳು. ಹೂಂ ಎಂದೆ. ಕೊನೆಯ ಎರಡು ಕಥೆಗಳಿಗೆ ಓಡಿಹೋಗಿ ಸೇರಿಕೊಂಡೆವು.

ಮರುದಿನ ಬೆಳಿಗ್ಗೆ ಹೋಟೆಲಿನಿಂದ ಅತ್ತೆಗೆ ಕಾಲ್ ಮಾಡಿ, ನಿಂತುಕೊಂಡೇ ಎಲ್ಲ ಹೇಳಿದೆ. "ಇಡೀ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಲ್ರೀ, ಇಟ್ಟ ತಕ್ಷಣ ಮುಟ್ತು ಅಂತ," ಎಂದು ಫೋನ್ ಇಟ್ಟರು. ನನಗೆ ತಿಂಡಿ ಸೇರಲಿಲ್ಲ. ಒಂದು ಗಂಟೆಯ ನಂತರ ಅವರೇ ಕಾಲ್ ಮಾಡಿದರು. ನನಗಲ್ಲ, ಮೊಮ್ಮಗಳಿಗೆ.

"ಅಳಿಲು ತಿಂತಾ ಚಿನ್ನ? ಅದೂ ಒಳ್ಳೇದೇ ಕಣೆ. ರಾಮ ಬೆನ್ನು ಸವರಿದ ಪ್ರಾಣಿ ಅದು. ಬೆನ್ನ ಮೇಲೆ ಮೂರು ಗೀಟಿರಲ್ವಾ?"

"ಅಜ್ಜಿ, ನಮ್ಮ ಅಳಿಲಿಗೆ ಗೀಟಿಲ್ಲ."

"ಹಾಗಾದ್ರೆ ರಾಮ ಅಮೇರಿಕಾಗೆ ಬಂದಿಲ್ಲ, ಅಷ್ಟೇ. ಪ್ರಾಣಿ ಅದೇ ತಾನೆ? ಅದಿರ್ಲಿ, ವಡೆ ಬಿಟ್ಟು ಡೋನಟ್ ಯಾಕೆ ತಗೊಂಡು ಹೋಯ್ತು? ನಿಮ್ಮಪ್ಪ ವಡೆಗೆ ಉಪ್ಪು ಹಾಕಿದ್ರಾ?"

ಮಗಳು ಬಿದ್ದು ಬಿದ್ದು ನಕ್ಕಳು. "ಇಲ್ಲ ಅಜ್ಜಿ, ಮರೆತಿದ್ರು!" ಅದು ನನಗೆ ಗೊತ್ತಾದದ್ದೇ ಆ ಬೆಳಿಗ್ಗೆ.

ವಾರೆನ್‌ಗೆ ಬಂದ ಮೇಲೆ ಅವಳು ಡೆಕ್ಕಿನಲ್ಲಿ ತಿಂಡಿ ಇಡುವುದನ್ನು ನಿಲ್ಲಿಸಿದಳು. ಊಟಕ್ಕೆ ಕೂತಾಗ ಅಮ್ಮನ ಮಾತು ತಾನಾಗಿಯೇ ಎತ್ತುತ್ತಾಳೆ. ಅಮ್ಮ ಸಿಗ್ನಲ್ಲಿನಲ್ಲಿ ಹಾಡುತ್ತಿದ್ದದ್ದು, ಅಮ್ಮನಿಗೆ ಎಸ್ಕಲೇಟರ್ ಭಯವಿದ್ದದ್ದು. ಭಾನುವಾರಗಳಲ್ಲಿ ಅಜ್ಜಿಗೆ ಅವಳೇ ಕಾಲ್ ಮಾಡುತ್ತಾಳೆ.

ಶಾಲೆ ಶುರುವಾದ ವಾರ ಬೇಸಿಗೆ ರಜೆಯ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರಂತೆ. ಅವಳು ದೆವ್ವದ ನಡಿಗೆಯ ಬಗ್ಗೆ ಎರಡು ಪುಟ ಬರೆದು ನನಗೆ ಓದಲು ಕೊಟ್ಟಳು. ಎಲ್ಲವನ್ನೂ ಬರೆದಿದ್ದಳು. ನನ್ನ ಸುಳ್ಳೂ ಇತ್ತು.

"ತುಂಬಾ ಚೆನ್ನಾಗಿದೆ," ಎಂದೆ.

"ನೀನು ಯಾವಾಗ್ಲೂ ಚೆನ್ನಾಗಿದೆ ಅಂತೀಯ. ಅಮ್ಮ ಆದ್ರೆ ಎಲ್ಲಿ ತಪ್ಪಿದೆ ಅಂತ ಹೇಳ್ತಿದ್ಲು."

ಆ ಪುಟಗಳನ್ನು ಇನ್ನೊಮ್ಮೆ ಓದಿದೆ. ಎಲ್ಲಿ ತಪ್ಪಿದೆ ಎಂದು ನನಗೆ ಕಾಣಲಿಲ್ಲ. ಅದನ್ನು ಹೇಳುತ್ತಿದ್ದವಳು ನಮ್ಮ ಮನೆಯಲ್ಲಿ ಈಗ ಇಲ್ಲ.