ಜನರೇಟರ್ ಎಳೆಯುವಾಗ ಐದನೇ ಗೇರ್

ಟಾಪ್ ಗೇರ್‌ನಲ್ಲಿ ಹೋದರೆ ಡೀಸೆಲ್ ಉಳಿಯುತ್ತದೆ. ಈ ಉಪದೇಶವನ್ನು ನಾನು ಎಷ್ಟು ಜನರಿಗೆ ಮಾಡಿದ್ದೇನೋ! (ಕೇಳದವರಿಗೂ ಮಾಡಿದ್ದೇನೆ.) ಮೊನ್ನೆ ಆ ಜಂಭ ಇಳಿಯಿತು.

ಮೇಲೂರಿನಲ್ಲಿ ನಮ್ಮ ಚಿಕ್ಕಮ್ಮನದು ಚಾಕಿ ಕೇಂದ್ರ. ಆಗಷ್ಟೇ ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಸಾಕಿ, ಸ್ವಲ್ಪ ಬಲಿತ ಮೇಲೆ ರೈತರಿಗೆ ಕೊಡುತ್ತಾರೆ. ಆ ಕೋಣೆ ಬೆಚ್ಚಗಿರಲೇಬೇಕು. ಅಂದು ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಇಲ್ಲ, ಹೊರಗೆ ಕೊರೆಯುವ ಚಳಿ. ಸಂಜೆಯೊಳಗೆ ಹೀಟರ್ ಹತ್ತದಿದ್ದರೆ ಅಷ್ಟೂ ಮರಿಗಳ ಕಥೆ ಮುಗಿದಂತೆಯೇ.

ಚಿಂತಾಮಣಿಯಲ್ಲಿ ಬಾಡಿಗೆ ಜನರೇಟರ್ ಸಿಕ್ಕಿತು. ಅದರ ಟ್ರಾಲಿಯನ್ನು ಚಿಕ್ಕಮ್ಮನ ಪಿಕಪ್ಪಿನ ಹಿಂದೆ ಕಟ್ಟಿದೆವು. ಬೆಳಗ್ಗಿನಿಂದ ಓಡಾಡಿ ಸುಸ್ತಾಗಿದ್ದ ಅವರನ್ನು ಪಕ್ಕಕ್ಕೆ ಕೂರಿಸಿ ಸ್ಟೇರಿಂಗ್ ನಾನು ಹಿಡಿದೆ.

"ಡೀಸೆಲ್ ಹಾಕ್ಸಪ್ಪ" ಎಂದರು.

"ಟೈಮಿಲ್ಲ ಚಿಕ್ಕಮ್ಮ. ಟಾಪ್‌ನಲ್ಲೇ ಹೋದ್ರೆ ಸಾಕಾಗುತ್ತೆ" ಎಂದು ಹತ್ತಿರದ ಅಡ್ಡರಸ್ತೆ ಹಿಡಿದೆ. ಅಲ್ಲಿ ಒಂದೂ ಬಂಕ್ ಇಲ್ಲ!

ಮೊದಲ ಏರಿಗೇ ಇಂಜಿನ್ ಗುರುಗುಟ್ಟಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ತೆವಳುತ್ತಿದೆ. ಹಿಂದೆ ಕಪ್ಪು ಹೊಗೆ. ಡೀಸೆಲ್ ಮುಳ್ಳು ಕೆಂಪು ಗೆರೆ ಮುಟ್ಟಿತು. ನಾನು ಐದನೇ ಗೇರ್ ಬಿಟ್ಟೆನೇ? ಊಹೂಂ.

"ಅಯ್ಯೋ ದೇವುಡಾ, ಇಳಿಯಪ್ಪ ಕೆಳಗೆ! ನಿನ್ನ ಟಾಪ್ ಗೇರು ಖಾಲಿ ಗಾಡಿಗೆ. ಹಿಂದೆ ಜನರೇಟರ್ ಐತೆ ಕಣೋ!"

ಸೀಟು ಬದಲಾಯಿತು. ಚಿಕ್ಕಮ್ಮ ಮೂರಕ್ಕೆ ಹಾಕಿದರು. ಇಂಜಿನ್ನಿನ ಗಂಟಲು ಸರಿಹೋಯಿತು, ಹೊಗೆ ನಿಂತಿತು. ಏರು ಮುಗಿದ ಮೇಲೆ ನಾಲ್ಕು. ಉದ್ದ ಸಮತಟ್ಟು ಸಿಕ್ಕಾಗ ಮಾತ್ರ ಐದು, ಅದೂ ಕಾಲನ್ನು ಮೆತ್ತಗಿಟ್ಟು. ಒಮ್ಮೆಯೂ ಮೀಟರ್ ನೋಡಲಿಲ್ಲ. ನಾನು ಬಾಯಿ ತೆರೆದುಕೊಂಡು ಕೂತಿದ್ದೆ.

"ಯಾವಾಗ ಇಳಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಹುಳ ಸೊಪ್ಪು ತಿನ್ನೋ ಸದ್ದು ಕೇಳಿ ಹಸಿವು ಐತೋ ಇಲ್ವೋ ಹೇಳ್ತೀನಿ. ಇಷ್ಟು ದೊಡ್ಡ ಇಂಜಿನ್ ಗೋಳಾಡೋದು ಕೇಳ್ಸಲ್ವೇನಪ್ಪ?"

ನಾನು ಓದಿ ಕಲಿತ ಮೈಲೇಜು ಎಲ್ಲಿ, ಈ ಕಿವಿ ಎಲ್ಲಿ?

ಹೊತ್ತು ಮುಳುಗುವ ಮೊದಲೇ ಚಾಕಿ ಕೇಂದ್ರ ಸೇರಿದೆವು. ಜನರೇಟರ್ ಶುರುವಾಯಿತು. ಚಿಕ್ಕಮ್ಮ ಸೋಪು ಹಾಕಿ ಕೈಕಾಲು ತೊಳೆದು, ಸೀರೆ ಬದಲಿಸಿ ಹುಳುಗಳ ಕೋಣೆಯೊಳಗೆ ಹೋದರು. ನನಗೆ ಪ್ರವೇಶವಿಲ್ಲ. (ಡೀಸೆಲ್ ವಾಸನೆ ಹುಳುಗಳಿಗೆ ಆಗದು.)

ತುಂಬಾ ಹೊತ್ತಾದ ಮೇಲೆ ಹೊರಬಂದರು. ಕಣ್ಣು ಒದ್ದೆಯಾಗಿತ್ತು. "ಸೊಪ್ಪಿಗೆ ಬಾಯಿ ಹಾಕ್ತಾವೆ ಕಣಪ್ಪ. ಬದುಕಿದ್ವು."

ಭಾರ ಎಳೆಯುವವರು ಏದುಸಿರು ಬಿಟ್ಟರೆ ನಾವು ಇನ್ನಷ್ಟು ಆಕ್ಸಿಲರೇಟರ್ ಒತ್ತುತ್ತೇವಲ್ಲ, ಒಂದು ಗೇರ್ ಇಳಿಸಿದರೆ ನಮ್ಮ ಗಂಟೇನು ಹೋಗುತ್ತದೆ?